ಹಾಜರಿ ಪುಸ್ತಕದ ಲೆಕ್ಕ

ಬೆಳಿಗ್ಗೆ ಎಂಟೂಕಾಲರ ಬಸ್ಸಿನಲ್ಲಿ ಕೊರಟಗೆರೆಯಿಂದ ಮಧುಗಿರಿಗೆ ಹೋಗುವವರೆಲ್ಲ ಹೆಚ್ಚುಕಡಿಮೆ ಒಂದೇ ಮನೆಯವರಿದ್ದ ಹಾಗೆ. ಯಾರು ಎಲ್ಲಿ ಹತ್ತುತ್ತಾರೆ, ಯಾರು ಯಾವ ತಿರುವಿನಲ್ಲಿ ತೂಕಡಿಸಲು ಶುರುಮಾಡುತ್ತಾರೆ ಎಂಬುದೆಲ್ಲ ಕಂಡಕ್ಟರಿಗೆ ಬಾಯಿಪಾಠ. ಆ ಬಸ್ಸಿನಲ್ಲಿ ನನಗೊಬ್ಬರು ಖಾಯಂ ಸಹಪ್ರಯಾಣಿಕರಿದ್ದಾರೆ. ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು, ಒಳ್ಳೆಯ ಮಾತುಗಾರರು. 2025ರ ದೀಪಾವಳಿ ಕಳೆದು ಶಾಲೆ ಮತ್ತೆ ಶುರುವಾದ ದಿನ ನನ್ನನ್ನು ನೋಡಿದ್ದೇ ತಡ, "ಏನ್ ಮೇಡಂ, ದಸರಾಕ್ಕೆ ಹೋದೋರು ದೀಪಾವಳಿ ಮುಗಿಸ್ಕೊಂಡೇ ಬಂದ್ರಲ್ಲ! ಕೆಲಸ ಅಂದ್ರೆ ನಿಮ್ದು ಕಣ್ರೀ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ನಗದೆ ಇನ್ನೇನು ಮಾಡುವುದು?

ಆ 'ರಜೆ'ಯಲ್ಲಿ ನಾವೇನು ಮಾಡುತ್ತಿದ್ದೆವು ಎಂಬುದು ನಿಮಗೂ ಗೊತ್ತು. ಸೆಪ್ಟೆಂಬರ್ 22ರಿಂದ ರಾಜ್ಯದಾದ್ಯಂತ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಶಿಕ್ಷಕರು. ಕೆಲಸ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ರಜೆ ಸಿಕ್ಕಿದ್ದು ಮಕ್ಕಳಿಗೆ. ನಮಗೆ ಸಿಕ್ಕಿದ್ದು ಬಿಸಿಲು, ಬೀದಿ ನಾಯಿ ಮತ್ತು ಸಿಗ್ನಲ್ ಸಿಗದ ಮೊಬೈಲು.

ಇರಲಿ ಬಿಡಿ, ಅದನ್ನು ಹೇಳಿ ಅಳುವುದಕ್ಕೆ ಈ ವಾರದ ಅಂಕಣ ಬರೆಯುತ್ತಿಲ್ಲ. ನಗು ಮುಗಿದ ಮೇಲೆ ಆ ಅಂಗಡಿಯವರು ದನಿ ತಗ್ಗಿಸಿ, "ನನ್ನ ಮಗ ಒಂಬತ್ತನೇ ಕ್ಲಾಸು ಮೇಡಂ. ಎಲ್ಲದರಲ್ಲೂ ಪರವಾಗಿಲ್ಲ, ಲೆಕ್ಕದಲ್ಲಿ ಮಾತ್ರ ಮುಂದೆ ಹೋಗ್ತಾನೇ ಇಲ್ಲ. ಏನಾದರೂ ದಾರಿ ಹೇಳಿ" ಎಂದರು. ನಾನು ಲೆಕ್ಕದ ಟೀಚರು. ಈ ಪ್ರಶ್ನೆ ಮದುವೆ ಮನೆ, ಆಸ್ಪತ್ರೆ, ತರಕಾರಿ ಅಂಗಡಿ ಎಲ್ಲ ಕಡೆ ನನ್ನ ಹಿಂದೆ ಬರುತ್ತದೆ. ಕೇಳಿದೆ: "ಜೂನ್‌ನಿಂದ ಇಲ್ಲಿಯವರೆಗೆ ಅವನು ಎಷ್ಟು ದಿನ ಶಾಲೆ ತಪ್ಪಿಸಿದ್ದಾನೆ?"

ಅವರು ನನ್ನ ಮುಖ ನೋಡಿದರು. "ದಿನಾ ಹೋಗ್ತಾನಲ್ಲ?"

"ಎಣಿಸಿದ್ದೀರಾ?"

"ಅದನ್ನ ಎಣಿಸೋಕೆ ನೀವಿದ್ದೀರಲ್ಲ ಮೇಡಂ!" ಬಸ್ಸು ಇನ್ನೊಮ್ಮೆ ನಕ್ಕಿತು. ಆದರೆ ಆ ಮಾತು ಮಾತ್ರ ನನ್ನ ಜೊತೆ ಶಾಲೆಯವರೆಗೂ ಬಂತು.

ನಿಜ, ಎಣಿಸುವವಳು ನಾನೇ. ಇಪ್ಪತ್ತೇಳು ವರ್ಷದಿಂದ ಎಣಿಸುತ್ತಲೇ ಇದ್ದೇನೆ. ತಂದೆತಾಯಂದಿರು ಅಂಕದ ಬಗ್ಗೆ ಕೇಳುತ್ತಾರೆ, ಗೈಡು ಯಾವುದು ಒಳ್ಳೆಯದು ಎಂದು ಕೇಳುತ್ತಾರೆ, ಟ್ಯೂಷನ್ ಎಲ್ಲಿಗೆ ಹಾಕೋಣ ಎಂದು ಕೇಳುತ್ತಾರೆ. ಹಾಜರಿ ಪುಸ್ತಕ ತೋರಿಸಿ ಎಂದು ಕೇಳಿದವರು ನನ್ನ ಸರ್ವಿಸಿನಲ್ಲಿ ಬೆರಳೆಣಿಕೆ.

* * *

ನಮ್ಮದೊಂದು ವಿಚಿತ್ರ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಜಿಲ್ಲೆ. ಭೂಪಟದಲ್ಲಿ ಹುಡುಕಿದರೆ ಸಿಗದು, ಅಲ್ಲಿ ಇರುವುದು ತುಮಕೂರು ಮಾತ್ರ. ಇದು ಶಿಕ್ಷಣ ಇಲಾಖೆಯ ಲೆಕ್ಕದ ಜಿಲ್ಲೆ, ಚಿಕ್ಕೋಡಿ, ಶಿರಸಿಗಳಂತೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿ ಬಂದಾಗ ನಮ್ಮ ಹೆಸರೂ ಅದರಲ್ಲಿ ಇರುತ್ತದೆ. ಅವತ್ತು ಒಂದು ದಿನ ಎಲ್ಲರೂ ನಮ್ಮನ್ನು ನೆನೆಸಿಕೊಳ್ಳುತ್ತಾರೆ, ಮೇಲೇರಿದ್ದರೆ ಒಂದು ರೀತಿ, ಕೆಳಗಿಳಿದಿದ್ದರೆ ಇನ್ನೊಂದು ರೀತಿ.

ರಾಜ್ಯದ ಫಲಿತಾಂಶವೇ 2023ರಲ್ಲಿ ಶೇಕಡ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಕೃಪಾಂಕ ಕೊಟ್ಟೂ ಶೇಕಡ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ 62.34. ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ಕಲಿಯದೆ ಉಳಿದದ್ದನ್ನು ತೋರಿಸಿತು, ಅಷ್ಟೆ. ಹಾಗಾದರೆ ಕಲಿಯದೆ ಉಳಿದದ್ದು ಯಾವಾಗ? ಮಾರ್ಚ್ ತಿಂಗಳಲ್ಲಂತೂ ಅಲ್ಲ. ಅದಕ್ಕೆ ಉತ್ತರ ಹಾಜರಿ ಪುಸ್ತಕದಲ್ಲಿದೆ. ವರ್ಗಾವಣೆಯ ದಯೆಯಿಂದ ಈ ನಾಲ್ಕೂ ತಾಲ್ಲೂಕಿನ ಹಾಜರಿ ಪುಸ್ತಕ ಬರೆದ ಭಾಗ್ಯ ನನ್ನದು.

ಮೊದಲು ಸಿಕ್ಕಿದ್ದು ಪಾವಗಡ. 1998ರಲ್ಲಿ ಆದೇಶದ ಕಾಗದ ಹಿಡಿದು ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದದ್ದೆಲ್ಲ ತೆಲುಗು. ಮೂರು ಕಡೆ ಆಂಧ್ರ ಸುತ್ತುವರಿದಿರುವ ತಾಲ್ಲೂಕು ಅದು. ಮಕ್ಕಳು ಮನೆಯಲ್ಲಿ ಒಕಟಿ, ರೆಂಡು ಎಂದು ಎಣಿಸಿ, ಶಾಲೆಯಲ್ಲಿ ಒಂದು, ಎರಡು ಎಂದು ಬರೆಯುತ್ತಿದ್ದರು. ನಾನು "ಅರ್ಥವಾಯಿತಾ?" ಎಂದರೆ ಮೌನ. "ಅರ್ಥಮಯಿಂದಾ?" ಎಂದು ಕೇಳಲು ಕಲಿತ ಮೇಲೆ ನಗು. ನಗುವಾಗ ಕೆಲವು ಮಕ್ಕಳು ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅಲ್ಲಿನ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಕಡಲೆಕಾಯಿ ಕೀಳುವ ಕಾಲ ಬಂದರೆ ತರಗತಿ ಅರ್ಧ ಖಾಲಿ. ದೊಡ್ಡವರು ಗಿಡ ಕೀಳುವುದಕ್ಕೆ, ಮಕ್ಕಳು ಕಾಯಿ ಬಿಡಿಸುವುದಕ್ಕೆ. ಆಮೇಲೆ ನೆಲದಲ್ಲಿ ಉಳಿದ ಕಾಯಿ ಆಯುವುದಕ್ಕೂ ಮಕ್ಕಳೇ. ಒಬ್ಬ ಹುಡುಗನಿದ್ದ. ಒಂದು ಮಂಕರಿಗೆ ಇಷ್ಟು ಕೂಲಿಯಾದರೆ ಮೂರೂಮುಕ್ಕಾಲು ಮಂಕರಿಗೆ ಎಷ್ಟು ಎಂದು ಕೇಳಿದರೆ ನಾನು ಬೋರ್ಡಿಗೆ ತಿರುಗುವಷ್ಟರಲ್ಲಿ ಉತ್ತರ ಹೇಳುತ್ತಿದ್ದ. ಅದೇ ಲೆಕ್ಕವನ್ನು ಭಿನ್ನರಾಶಿ ಎಂದು ಬರೆದರೆ ತಲೆ ತಗ್ಗಿಸುತ್ತಿದ್ದ. ಭಿನ್ನರಾಶಿ ಪಾಠ ಮಾಡಿದ ವಾರಗಳಲ್ಲಿ ಅವನು ಪ್ರತಿ ವರ್ಷವೂ ಹೊಲದಲ್ಲಿದ್ದ. ದಡ್ಡತನವಲ್ಲ, ಗೈರುಹಾಜರಿ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟ.

ಮಧುಗಿರಿ ಬೆಟ್ಟ ಹತ್ತಿದವರಿಗೆ ಗೊತ್ತು. ಕೆಳಗೆ ಅಗಲವಾದ ಮೆಟ್ಟಿಲು, ಒಂದು ಬಿಟ್ಟು ಒಂದು ಹತ್ತಿದರೂ ನಡೆಯುತ್ತದೆ. ಮೇಲೆ ಹೋದಂತೆ ಬಂಡೆಯಲ್ಲೇ ಕೊರೆದ ಪುಟ್ಟ ಪುಟ್ಟ ಮೆಟ್ಟಿಲು, ಅಲ್ಲಿ ಒಂದು ತಪ್ಪಿದರೂ ಕಾಲಿಗೆ ಆಸರೆಯಿಲ್ಲ. ಗಣಿತವೂ ಹಾಗೇ. ಐದನೇ ತರಗತಿಯಲ್ಲಿ ತಪ್ಪಿದ ಹತ್ತು ದಿನ ಐದರಲ್ಲಿ ಕಾಣುವುದಿಲ್ಲ, ಒಂಬತ್ತರಲ್ಲಿ ಕಾಣುತ್ತದೆ. ಆಗ ನಾವೆಲ್ಲ ಸೇರಿ ಆ ಮಗುವಿನ ತಲೆಯನ್ನು ಬೈಯುತ್ತೇವೆ.

* * *

ಪಾವಗಡದಿಂದ ಶಿರಾಕ್ಕೆ ಬಂದೆ. ಅಲ್ಲಿ ನನಗೆ ಇನ್ನೊಂದು ಬಗೆಯ ಗೈರು ಕಂಡಿತು. ಊರಾಚೆಯ ಒಂದು ಹಟ್ಟಿಯಿಂದ ಬರುವ ಹುಡುಗಿಯರು ತಿಂಗಳಿಗೆ ಮೂರು ದಿನ, ಲೆಕ್ಕವಿಟ್ಟ ಹಾಗೆ ಮೂರೇ ದಿನ ಬರುತ್ತಿರಲಿಲ್ಲ. ಕಾರಣ ಕೇಳಿದರೆ "ಹೊಟ್ಟೆನೋವು ಮಿಸ್" ಎಂದು ಕಾಲ ಬೆರಳಿನಿಂದ ನೆಲ ಗೀರುತ್ತಿದ್ದರು. ಆಮೇಲೆ ತಿಳಿಯಿತು, ಆ ದಿನಗಳಲ್ಲಿ ಅವರು ಮನೆಯೊಳಗೂ ಇರುವಂತಿಲ್ಲ, ಹಟ್ಟಿಯ ಹೊರಗೆ ಉಳಿಯಬೇಕು.

ಈಗ ಈ ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಮೂರರಂತೆ ಹತ್ತು ತಿಂಗಳಿಗೆ ಮೂವತ್ತು ದಿನ. ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಎನ್ನುತ್ತದೆ. ಮೂವತ್ತು ಹೋದರೆ ಉಳಿದದ್ದು 190, ಅಂದರೆ ಶೇಕಡ 86. ಪುಸ್ತಕದಲ್ಲಿ ನೋಡಿದರೆ ಒಳ್ಳೆಯ ಹಾಜರಿಯೇ! ಎಸ್ಸೆಸ್ಸೆಲ್ಸಿಗೆ ಕೂರಲು ಶೇಕಡ 75 ಸಾಕು. ಯಾವ ಅಧಿಕಾರಿಯೂ ಕೆಂಪು ಗೆರೆ ಎಳೆಯುವುದಿಲ್ಲ. ಆದರೆ ಏಳು ದಿನಕ್ಕೆ ಒಂದು ದಿನದ ಪಾಠ ಆ ಹುಡುಗಿಗೆ ಇಲ್ಲ. ಪಕ್ಕದಲ್ಲಿ ಕುಳಿತ ಹುಡುಗನಿಗೆ ಇದೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ಹೀಗೆ ಬಲವಂತವಾಗಿ ಹೊರಗಿಡುವುದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧವೆಂದು ಹೇಳಿದೆ. ಕಾಯ್ದೆ ಬಂದದ್ದು ಒಳ್ಳೆಯದೇ. ಆದರೆ ನನ್ನ ಹುಡುಗಿಯರನ್ನು ಶಾಲೆಗೆ ಕರೆತಂದದ್ದು ಒಬ್ಬ ಅಜ್ಜಿ. ಪೋಷಕರ ಸಭೆಯಲ್ಲಿ ಈ ಮೂವತ್ತು ದಿನದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಆಕೆ ಎದ್ದು ನಿಂತು, "ಹೊರಗಿರೋದು ಮನೆಗೆ ತಾನೇ ಕಣಮ್ಮ, ಇಸ್ಕೂಲಿಗೆ ಯಾಕೆ ಹೊರಗಿರ್ಬೇಕು?" ಎಂದು ಕೇಳಿಬಿಟ್ಟಳು. ಆ ತಿಂಗಳಿಂದ ಮೊಮ್ಮಗಳು ತಪ್ಪಿಸಲಿಲ್ಲ. ಪದ್ಧತಿ ಪೂರ್ತಿ ಹೋಗಲಿಲ್ಲ, ಒಪ್ಪುತ್ತೇನೆ. ಮೂವತ್ತು ದಿನ ಮಾತ್ರ ವಾಪಸು ಬಂತು.

ಮೂರನೆಯದು ಕೊರಟಗೆರೆ. ಇಲ್ಲಿ ತುಮಕೂರು ಹತ್ತಿರ, ಆಸೆಯೂ ಹತ್ತಿರ. ಮಕ್ಕಳು ಶಾಲೆಗೆ ಬರುತ್ತಾರೆ, ಆದರೆ ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಟ್ಯೂಷನ್ ಮುಗಿಸಿ ಬಂದಿರುತ್ತಾರೆ. ಸಂಜೆ ಇನ್ನೊಂದು ಕಾದಿರುತ್ತದೆ. ಹನ್ನೊಂದು ಗಂಟೆಗೆ ಸಮೀಕರಣ ಬಿಡಿಸುವಾಗ ಮೂರನೇ ಬೆಂಚಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ. ಹಾಜರಿ ಪುಸ್ತಕದಲ್ಲಿ ಅದಕ್ಕೆ ಗುರುತಿಲ್ಲ. ಹಾಜರಿದ್ದೂ ಗೈರು ಎಂದು ಬರೆಯಲು ಒಂದು ಕಾಲಂ ಇದ್ದಿದ್ದರೆ ಎಷ್ಟೋ ಸಲ ಬರೆಯುತ್ತಿದ್ದೆ.

* * *

ಇಷ್ಟು ಹೊತ್ತು ಮಕ್ಕಳ ಗೈರು ಹೇಳಿದೆ. ಈಗ ನನ್ನದನ್ನು ಹೇಳದಿದ್ದರೆ ಅನ್ಯಾಯ.

ಮಧುಗಿರಿಗೆ ಬಂದ ಮೇಲೆ ಒಂದು ವಾರ ಡೈರಿಯಲ್ಲಿ ಬರೆದಿಟ್ಟೆ. ಆ ವಾರ ನನ್ನ ಪಾಲಿಗೆ 28 ಪೀರಿಯಡ್. ಅದರಲ್ಲಿ ಎಂಟು ನಡೆಯಲಿಲ್ಲ. ಮೂರು ಒಂದು ದಿನದ ತರಬೇತಿಗೆ, ಎರಡು 'ತುರ್ತು, ಇಂದೇ ಕಳುಹಿಸಿ' ಎಂಬ ಮಾಹಿತಿಗೆ, ಒಂದು ಆಧಾರ್‌ನಲ್ಲಿ ತಪ್ಪಿದ್ದ ಹೆಸರುಗಳ ಪಟ್ಟಿಗೆ, ಒಂದು ವಿದ್ಯಾರ್ಥಿವೇತನದ ಅರ್ಜಿಗೆ, ಒಂದು ಮೊಟ್ಟೆಯ ಲೆಕ್ಕಕ್ಕೆ. ಹಿಂದಿನ ವಾರ ಕಳುಹಿಸಿದ್ದ ಮಾಹಿತಿಯನ್ನೇ ಈ ವಾರ ಬೇರೆ ನಮೂನೆಯಲ್ಲಿ ಕೇಳಿದ್ದರು. ಯಾರು ಕೇಳಿದ್ದು, ಯಾಕೆ ಕೇಳಿದ್ದು ಎಂಬುದು ದೊಡ್ಡ ವಿಷಯವಲ್ಲ. ಕೇಳಿದವರಿಗೂ ಮೇಲಿನವರು ಯಾರೋ ಕೇಳಿರುತ್ತಾರೆ.

ಬಿಸಿಯೂಟ, ಹಾಲು, ಮೊಟ್ಟೆಗಳನ್ನು ಹೊರೆ ಎನ್ನುವವಳು ನಾನಲ್ಲ. ರಾಜ್ಯದಲ್ಲಿ 2002-03ರಲ್ಲಿ ಬಿಸಿಯೂಟ ಶುರುವಾಗುವ ಮೊದಲು ಮಧ್ಯಾಹ್ನ ಮನೆಗೆ ಹೋದ ಮಕ್ಕಳು ತಿರುಗಿ ಬಾರದೆ ಇದ್ದದ್ದನ್ನು ಕಣ್ಣಾರೆ ಕಂಡವಳು. ಮಧ್ಯಾಹ್ನದ ಹಾಜರಿಯನ್ನು ಉಳಿಸಿದ್ದು ನನ್ನ ಪಾಠವಲ್ಲ, ಸಾರಿನ ವಾಸನೆ. ಚುನಾವಣೆ, ಜನಗಣತಿ ಕೂಡ ದೇಶದ ಕೆಲಸ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ನು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎನ್ನುತ್ತದೆ. ನಾನು ಕೇಳುವುದೂ ಅಷ್ಟೇ. ಆ ಮೂರಕ್ಕೆ ನಾವು ಸಿದ್ಧ, ಉಳಿದದ್ದಕ್ಕೆ ಶಾಲೆಗೊಬ್ಬ ಗುಮಾಸ್ತ ಸಾಕು.

ಯಾಕೆಂದರೆ ಆ ಎಂಟು ಪೀರಿಯಡ್ ಯಾರ ಜೇಬಿನಿಂದ ಹೋಗುತ್ತದೆ, ಯೋಚಿಸಿ. ಟ್ಯೂಷನ್ನಿಗೆ ಹೋಗುವ ಮಗುವಿಗೆ ನಷ್ಟವಿಲ್ಲ, ಅಲ್ಲಿ ಹೇಳಿಕೊಡುತ್ತಾರೆ. ಓದಿದ ಅಪ್ಪ ಅಮ್ಮ ಇರುವ ಮಗುವಿಗೂ ಅಷ್ಟಾಗಿ ಇಲ್ಲ. ಯಾರ ಮನೆಯಲ್ಲಿ ಪುಸ್ತಕ ತೆರೆದು ನೋಡುವವರೇ ಇಲ್ಲವೋ, ಆ ಮಗುವಿಗೆ ಇರುವುದು ನಾನೊಬ್ಬಳೇ. ನಾನು ಕೊಠಡಿ ಬಿಟ್ಟು ಹೊರಬಂದರೆ ಅದರ ಪಾಲಿನ ಶಾಲೆಯೇ ಬಾಗಿಲು ಹಾಕಿದಂತೆ.

ಹಾಗೆಂದು ತಪ್ಪೆಲ್ಲ ಕಾಗದಪತ್ರದ್ದೇ ಅಲ್ಲ. ಬೆಲ್ಲಾಗಿ ಹತ್ತು ನಿಮಿಷವಾದರೂ ಸ್ಟಾಫ್‌ರೂಮಿನಲ್ಲಿ ತುಟ್ಟಿಭತ್ಯೆಯ ಚರ್ಚೆ ಮುಗಿಯದಿರುವುದು ನಮ್ಮಲ್ಲೂ ಉಂಟು. ಆ ಚರ್ಚೆಯಲ್ಲಿ ನಾನೂ ದನಿ ಎತ್ತಿದವಳೇ.

* * *

ಇನ್ನು ಮನೆ. ಮಗಳು ಏಳನೇ ತರಗತಿಯಲ್ಲಿದ್ದಾಗಿನ ಮಾತು. ಲೆಕ್ಕದ ಟೀಚರ ಮಗಳಿಗೆ ಲೆಕ್ಕದಲ್ಲಿ ಮೂವತ್ತೆಂಟು! ಸಿಟ್ಟಿನಿಂದ ಅವಳ ನೋಟ್‌ಪುಸ್ತಕ ತಿರುವಿ ಹಾಕಿದೆ. ಕೊನೆಯ ಪುಟದಲ್ಲಿ ನೀಟಾಗಿ ಗೆರೆ ಹೊಡೆದು ಒಂದು ಹಾಜರಿ ಪಟ್ಟಿ. ಮೇಲೆ 'ಸಂಜೆ ಏಳರಿಂದ ಎಂಟು' ಎಂದಿತ್ತು. ಹೆಸರುಗಳು ಮೂರು: ಅಜ್ಜಿ, ಅಪ್ಪ, ಅಮ್ಮ. ಅಜ್ಜಿಗೆ 26ಕ್ಕೆ 26. ಅಪ್ಪನಿಗೆ 15. ಅಮ್ಮನ ಸಾಲಿನಲ್ಲಿ ಬರೀ 'ಗೈ', 'ಗೈ', 'ಗೈ'. ಒಟ್ಟು 26ಕ್ಕೆ 7. ಪಕ್ಕದಲ್ಲಿ 'ಶೇಕಡ 27, ಪರೀಕ್ಷೆಗೆ ಕೂರಲು ಅನುಮತಿ ಇಲ್ಲ' ಎಂದು ಷರಾ.

"ಸುಳ್ಳು ಬರೀತೀಯಾ? ಏಳು ಗಂಟೆಗೆ ದಿನಾ ಮನೇಲೇ ಇರ್ತೀನಲ್ಲೇ!" ಎಂದೆ.

"ಇರ್ತೀಯ, ಆದ್ರೆ ಪೇಪರ್ ಬಂಡಲ್ ಒಳಗಿರ್ತೀಯ" ಎಂದಳು.

ಬೈಯಲು ಬಾಯಿ ತೆರೆದವಳು ಹಾಗೇ ಕುಳಿತೆ. ಶೇಕಡಾವಾರು ಸರಿಯಾಗಿ ಹಾಕಿದ್ದಳು. ಆ ಪುಸ್ತಕದಲ್ಲಿ ಅವಳು ತಪ್ಪಿಲ್ಲದೆ ಮಾಡಿದ್ದ ಲೆಕ್ಕ ಅದೊಂದೇ ಇರಬೇಕು. ಅತ್ತೆಯವರು ಒಳಗಿನಿಂದ ನಕ್ಕಿದ್ದು ಕೇಳಿಸಿತು. 26ಕ್ಕೆ 26 ಬಂದವರು ನಗದೆ ಇರುತ್ತಾರೆಯೇ?

ಊರ ಮಕ್ಕಳ ಗೈರು ಎಣಿಸುವವಳ ಗೈರನ್ನು ಮನೆಯ ಮಗು ಎಣಿಸುತ್ತಿತ್ತು. ಅಂದಿನಿಂದ ಏಳರಿಂದ ಎಂಟು ಬಂಡಲ್ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ. ಪೂರ್ತಿ ಉಳಿಸಿಕೊಂಡೆ ಎಂದರೆ ಸುಳ್ಳಾದೀತು. ಆದರೆ ಪರೀಕ್ಷೆಗೆ ಕೂರುವಷ್ಟು ಹಾಜರಿಯಂತೂ ಬಂತು. ಅವಳ ಅಂಕವೂ ನಿಧಾನಕ್ಕೆ ಏರಿತು. ನಾನು ಹೇಳಿಕೊಟ್ಟದ್ದಕ್ಕಲ್ಲ, ಪಕ್ಕದಲ್ಲಿ ಕುಳಿತದ್ದಕ್ಕೆ.

* * *

ಪಾವಗಡದ ಆ ಮಂಕರಿ ಲೆಕ್ಕದ ಹುಡುಗ ಈಚೆಗೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ಹುಡುಗನೆಲ್ಲಿ, ನಡುವಯಸ್ಸಿಗೆ ಬಂದಿದ್ದಾನೆ. ಅವನೇ ಗುರುತು ಹಿಡಿದು ಮಾತಾಡಿಸಿದ. ತಿರುಮಣಿ ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಈಗ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಫಲಕ ತೊಳೆಯುವ, ಹುಲ್ಲು ಕೊಯ್ಯುವ ಕೂಲಿ ಸಿಕ್ಕಾಗ ಮಾಡುತ್ತಾನಂತೆ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಗಿದ್ದು ನನಗೆ ಗೊತ್ತಿತ್ತು. "ನಿನಗೆಷ್ಟು ಬರುತ್ತಪ್ಪ?" ಎಂದು ಕೇಳಿಬಿಟ್ಟೆ.

"ನಮ್ದು ಸೊನ್ನೆ ಎಕರೆ ಮೇಡಂ. ಸೊನ್ನೆಗೆ ಯಾವುದರಿಂದ ಗುಣಿಸಿದರೂ ಸೊನ್ನೆ ಅಂತ ನೀವೇ ಹೇಳ್ಕೊಟ್ಟಿದ್ರಿ" ಎಂದು ನಕ್ಕ. ಮೊದಲು ಕಡಲೆಕಾಯಿ ಹೊಲದ ಕೂಲಿಯಾದರೂ ಇತ್ತು, ಆ ಹೊಲಗಳ ಮೇಲೆ ಈಗ ಗಾಜು ಹೊದಿಸಿದೆ. ಏನು ಹೇಳಬೇಕೋ ತೋಚಲಿಲ್ಲ. ಅವನೇ ಮುಂದುವರಿಸಿದ: "ಮಗಳು ಎಂಟನೇ ಕ್ಲಾಸು. ಈ ವರ್ಷ ಒಂದು ದಿನ ತಪ್ಪಿಸಿಲ್ಲ ಮೇಡಂ. ಹೊಲದ ಕೆಲಸಕ್ಕೆ ನಾನು ಕರೆಯೋದೇ ಇಲ್ಲ."

ಓದು ಬಿಟ್ಟವನಿಗೆ ತಿಳಿದ ಈ ಲೆಕ್ಕ, ಓದಿದ ಎಷ್ಟೋ ತಂದೆತಾಯಂದಿರಿಗೆ ಇನ್ನೂ ಹೊಳೆದಿಲ್ಲ.

ಆದ್ದರಿಂದ ಪೋಷಕರಲ್ಲಿ ನನ್ನದು ಮೂರೇ ಕೋರಿಕೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗು ಶಾಲೆಗೆ ಹೋಗದ ದಿನಕ್ಕೆ ಒಂದು ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಬರೆದರಾಯಿತು. ದಂಡಿನ ಮಾರಮ್ಮನ ಜಾತ್ರೆಗೆ ಒಂದು ದಿನ ಕರೆದುಕೊಂಡು ಹೋಗಿ, ಬೇಡವೆನ್ನುವುದಿಲ್ಲ, ಆದರೆ ಜಾತ್ರೆ ಮುಗಿದ ಮೇಲೆ ನೆಂಟರ ಮನೆಯಲ್ಲಿ ಉಳಿಯುವ ಮೂರು ದಿನ ಬೇಡ. ಮೂರನೆಯದಾಗಿ, ಪೋಷಕರ ಸಭೆಗೆ ಬಂದಾಗ ಅಂಕ ಕೇಳುವ ಮೊದಲು "ಈ ತಿಂಗಳು ಎಷ್ಟು ಪೀರಿಯಡ್ ನಡೆಯಿತು, ಎಷ್ಟು ನಡೆಯಲಿಲ್ಲ, ಯಾಕೆ?" ಎಂದು ನಮ್ಮನ್ನೂ ಕೇಳಿ. ನೀವು ಕೇಳಿದರೆ ನಮಗೆ ಕೋಪ ಬರುವುದಿಲ್ಲ. ಬಂದರೂ ಬರಲಿ, ಕೇಳಿ. ನೀವು ಕೇಳುತ್ತೀರಿ ಎಂದು ಗೊತ್ತಾದರೆ ನಾವೂ ಮೇಲಿನವರಿಗೆ "ಪಾಠವಿದೆ, ನಾಳೆ ಕಳುಹಿಸುತ್ತೇವೆ" ಎನ್ನಲು ಧೈರ್ಯ ಬರುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಜ್ವರ ಬಂದು ಎರಡು ದಿನ ತಪ್ಪಿತು ಎನ್ನಿ. ತಿರುಗಿ ಬಂದ ದಿನ ಗೆಳೆಯನ ನೋಟ್ಸ್ ನಕಲು ಮಾಡಿ ಸುಮ್ಮನಾಗಬೇಡಿ. ಊಟವಾದ ಮೇಲೆ ಟೀಚರ ಹತ್ತಿರ ಹೋಗಿ, "ನಾನಿಲ್ಲದಾಗ ಏನಾಯಿತು?" ಎಂದು ಕೇಳಿ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಕೊಡದ ಟೀಚರನ್ನು ನಾನು ಇದುವರೆಗೆ ಕಂಡಿಲ್ಲ.

ಮೊನ್ನೆ ಎಂಟೂಕಾಲರ ಬಸ್ಸಿನಲ್ಲಿ ಅಂಗಡಿಯವರು ಮತ್ತೆ ಸಿಕ್ಕರು. ನಾನು ಬಾಯಿ ತೆರೆಯುವ ಮೊದಲೇ, "ಹದಿನೇಳಕ್ಕೆ ಹದಿನಾರು ಮೇಡಂ. ಒಂದು ದಿನ ಜ್ವರ" ಎಂದರು. ಎಣಿಸಿದ್ದಾರೆ! ಲೆಕ್ಕದಲ್ಲಿ ಹುಡುಗ ಹೇಗಿದ್ದಾನೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಮ್ಮ ರಜೆಯ ಮಾತನ್ನೂ ಎತ್ತಲಿಲ್ಲ. ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟರು.